ಒಂದು ರಾಗಿಕಾಳಿನ ತೂಕ

ಚನ್ನಪಟ್ಟಣದ ಆ ಮನೆಯಲ್ಲಿ ಬೆಳಗಾಗುವುದು ಕಾಫಿಯೊಡನೆ. ಐದು ಗಂಟೆಗೆ ಡಿಕಾಕ್ಷನ್ನಿನ ಪರಿಮಳವು ಅಡಿಗೆಮನೆಯಿಂದ ಹೊರಟು, ನಡುಮನೆಯನ್ನು ಹಾದು, ಜಗಲಿಯನ್ನು ಮುಟ್ಟುವ ವೇಳೆಗೆ ಮೇಷ್ಟರು ಮುಖ ತೊಳೆದು ಗೋಡೆಗೆ ಒರಗಿ ಕುಳಿತಿರುತ್ತಾರೆ. ಎರಡು ಲೋಟಗಳು ಬರುತ್ತವೆ. ಒಂದು ಅವರಿಗೆ, ಇನ್ನೊಂದನ್ನು ಹಿಡಿದು ಅವರ ಮನೆಯಾಕೆ ಹೊಸ್ತಿಲ ಬದಿಯಲ್ಲಿ ಕೂರುತ್ತಾಳೆ. ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ಈ ಕ್ರಮಕ್ಕೆ ಭಂಗ ಬಂದುದು ಅಪರೂಪ. ದಿನದ ಉಳಿದ ಹೊತ್ತಿನಲ್ಲಿ ಅವರಿಬ್ಬರೂ ಆಡುವುದು ವ್ಯವಹಾರದ ಮಾತು: ಹಾಲಿನವನು ಬಂದನೆ, ಕರೆಂಟಿನ ಬಿಲ್ಲು ಕಟ್ಟಿಯಾಯಿತೆ, ಸಾರಿಗೆ ಉಪ್ಪು ಸರಿಯಿದೆಯೆ. ಮನಸ್ಸಿನ ಮಾತಿಗೆ ಮೀಸಲಾಗಿದ್ದುದು ಜಗಲಿಯ ಆ ಅರ್ಧ ಗಂಟೆ. ಮಗಳನ್ನು ಮಾಗಡಿಯ ಸಂಬಂಧಕ್ಕೆ ಕೊಡುವುದೆಂದು ನಿಶ್ಚಯವಾದುದು ಅಲ್ಲಿ. ಮೇಷ್ಟರು ನಿವೃತ್ತರಾದ ಮರುದಿನ, ಇನ್ನು ಮುಂದೆ ಏನೆಂದು ತಿಳಿಯದೆ ಕಣ್ಣು ಒದ್ದೆ ಮಾಡಿಕೊಂಡುದೂ ಅಲ್ಲಿಯೇ. ಅದನ್ನು ಕಂಡವಳು ಆಕೆ ಒಬ್ಬಳು.

ಇಂಥ ಮನೆಗೆ ಒಂದು ಸಣ್ಣ ಮಾತ್ರೆ ಬಂದಿತು.

ಆಕೆಗೆ ಆಗ ಐವತ್ತನಾಲ್ಕು. ವರ್ಷವೊಂದರಿಂದ ಮೈ ಭಾರವಾಗುತ್ತಿತ್ತು. ಉಣ್ಣುವುದು ಹಿಡಿಯಷ್ಟು, ರವಿಕೆಗಳು ಮಾತ್ರ ಒಂದೊಂದಾಗಿ ಬಿಗಿಯಾಗುತ್ತ ಬಂದವು. ಮಾಗಿಯ ಚಳಿ ಕಳೆದು ಶಿವರಾತ್ರಿ ಮುಗಿದರೂ ಹೊದೆದ ಶಾಲನ್ನು ತೆಗೆಯಳು. ಬಾಚಣಿಗೆಯ ತುಂಬ ಕೂದಲು. ಮುಖ ಊದಿದಂತೆ, ದನಿ ಒಡೆದಂತೆ. ಒಲೆಯ ಮೇಲೆ ಹಾಲಿಟ್ಟು ಮರೆಯುವಳು. ಮರೆತುದಕ್ಕಾಗಿ ಕುಳಿತು ಅಳುವಳು. ನೆರೆಯವರು 'ವಯಸ್ಸು' ಎಂದರು. ಆಕೆಯೂ ಅದನ್ನೇ ನಂಬಿದಳು. ನಮ್ಮ ಮನೆಗಳಲ್ಲಿ ಹೆಂಗಸರ ಆಯಾಸಕ್ಕೆ ವಯಸ್ಸೆಂಬುದು ಬಹಳ ಅಗ್ಗವಾಗಿ ದೊರೆಯುವ ಕಾರಣ. ಕೊನೆಗೆ ಮೇಷ್ಟರೇ ಹಟ ಹಿಡಿದು ರಾಮನಗರದ ವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದರು. ವೈದ್ಯರು ನಾಡಿ ನೋಡಿ, ಕತ್ತನ್ನು ಮುಟ್ಟಿ ನೋಡಿ, ರಕ್ತಪರೀಕ್ಷೆಗೆ ಬರೆದುಕೊಟ್ಟರು. ಮರುದಿನ ಬಂದ ಕಾಗದದಲ್ಲಿ ಟಿ.ಎಸ್.ಎಚ್. ಎಂಬ ಅಕ್ಷರಗಳ ಮುಂದೆ 22 ಎಂದಿತ್ತು. ಪಕ್ಕದಲ್ಲಿ ದಪ್ಪ ಅಕ್ಷರದ ಒಂದು ಗುರುತು. ಸಾಮಾನ್ಯವಾಗಿ ಅದು 0.4ರಿಂದ 4ರ ಒಳಗೆ ಇರತಕ್ಕದ್ದು.

'ಐದು ಪಟ್ಟು ಹೆಚ್ಚಾಗಿಬಿಟ್ಟಿದೆಯಲ್ಲ! ಇನ್ನು ಇದನ್ನು ತಗ್ಗಿಸುವ ಔಷಧ ಕೊಡುತ್ತೀರಾ?' ಎಂದು ಮೇಷ್ಟರು ಗಾಬರಿಯಿಂದ ಕೇಳಿದರು.

'ಹೆಚ್ಚಾಗಿರುವುದು ಕೂಗು, ಮೇಷ್ಟ್ರೇ. ಕಡಿಮೆಯಾಗಿರುವುದು ಕೆಲಸ' ಎಂದರು ವೈದ್ಯರು.

ಮೊದಲ ಬಾರಿಗೆ ಈ ಕಾಗದವನ್ನು ಕಾಣುವ ಎಲ್ಲರಿಗೂ ಆಗುವ ಗೊಂದಲವಿದು. ಕತ್ತಿನ ಮುಂಭಾಗದಲ್ಲಿ ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ಕುಳಿತಂತೆ ಥೈರಾಯ್ಡ್ ಗ್ರಂಥಿ ಇದೆ. ಅದು ತಯಾರಿಸುವ ಹಾರ್ಮೋನಿನ ಹೆಸರು ಥೈರಾಕ್ಸಿನ್. ಅದರ ಒಂದೊಂದು ಅಣುವಿನಲ್ಲಿಯೂ ಅಯೋಡಿನ್ನಿನ ನಾಲ್ಕು ಪರಮಾಣುಗಳಿರುವುದರಿಂದ ಅದನ್ನು ಟಿ-4 ಎಂದು ಕರೆಯುತ್ತಾರೆ. ಮೈಯಲ್ಲಿ ಅದು ಒಂದು ಅಯೋಡಿನ್ನನ್ನು ಕಳಚಿ ಟಿ-3 ಆಗುತ್ತದೆ. ಹೃದಯದ ಬಡಿತ, ಮೈಯ ಕಾವು, ಕರುಳಿನ ಚಲನೆ, ಮನಸ್ಸಿನ ಚುರುಕು ಇವುಗಳ ವೇಗವನ್ನು ನಿಶ್ಚಯಿಸುತ್ತದೆ. ಈ ಗ್ರಂಥಿಯ ಮೇಲೆ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ನಿಗಾ. ಟಿ.ಎಸ್.ಎಚ್. ಎಂಬುದು ಆ ಮೇಲ್ವಿಚಾರಕನ ದನಿ. ತರಗತಿಯಲ್ಲಿ ಹುಡುಗ ತಾನಾಗಿಯೇ ಬರೆಯುತ್ತಿದ್ದರೆ ಉಪಾಧ್ಯಾಯರು ಮೆಲ್ಲಗೆ ಮಾತನಾಡುತ್ತಾರೆ. ಹುಡುಗ ತೂಕಡಿಸಿದಂತೆ ಅವರ ದನಿ ಏರುತ್ತದೆ. ಟಿ.ಎಸ್.ಎಚ್. 22 ಎಂದರೆ ಉಪಾಧ್ಯಾಯರು ಗಂಟಲು ಹರಿಯುವಂತೆ ಕೂಗುತ್ತಿದ್ದಾರೆ, ಹುಡುಗ ಏಳುತ್ತಿಲ್ಲ ಎಂದರ್ಥ. ಅಂಕೆ ಮೇಲೇರಿದರೆ ಹಾರ್ಮೋನು ಕಡಿಮೆ. ಅಂಕೆ ನೆಲಕ್ಕಿಳಿದರೆ ಹಾರ್ಮೋನು ಹೆಚ್ಚು.

ಮೇಷ್ಟರಿಗೆ ಈ ಉಪಮೆ ಚೆನ್ನಾಗಿ ಅರ್ಥವಾಯಿತು. ಮೂವತ್ತು ವರ್ಷ ಕೂಗಿದ ಗಂಟಲು ಅವರದು.

ಈ ರೋಗ ಅಪರೂಪದ್ದೇನೂ ಅಲ್ಲ. ಬೆಂಗಳೂರೂ ಸೇರಿ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಹೆಚ್ಚು ಕಡಿಮೆ 11 ಮಂದಿಗೆ ಥೈರಾಯ್ಡಿನ ಕೊರತೆ ಇದ್ದುದು ಕಂಡುಬಂದಿತು; ಅವರಲ್ಲಿ ಹಲವರಿಗೆ ಅದು ಇದೆಯೆಂಬುದೇ ತಿಳಿದಿರಲಿಲ್ಲ. ಹಿಂದಿನ ಕಾಲದಲ್ಲಿ ಈ ಗ್ರಂಥಿಯ ತೊಂದರೆ ಎಂದರೆ ಕತ್ತು ಊದಿಕೊಂಡ ಗಳಗಂಡ. ಅದಕ್ಕೆ ಮುಖ್ಯ ಕಾರಣ ಅಯೋಡಿನ್ನಿನ ಅಭಾವ. 1956ರಿಂದ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಉಪ್ಪಿಗೆ ಅಯೋಡಿನ್ ಬೆರೆಸಿ ಕೊಟ್ಟು ಅದನ್ನು ತಗ್ಗಿಸಬಹುದೆಂದು ತೋರಿಸಿದರು. 1962ರಲ್ಲಿ ಗಳಗಂಡ ನಿಯಂತ್ರಣದ ರಾಷ್ಟ್ರೀಯ ಯೋಜನೆ ಆರಂಭವಾಯಿತು. ಅಯೋಡಿನ್ ಬೆರೆತ ಉಪ್ಪು ಮನೆಮನೆಗೂ ಬಂದಿರುವ ಇಂದು ಈ ಕೊರತೆಗೆ ಬಹುಮಟ್ಟಿಗೆ ಕಾರಣ ಬೇರೆ: ಮೈಯ ರಕ್ಷಣೆಗೆ ಇರುವ ಪಡೆಯೇ ತಪ್ಪು ತಿಳಿದು ತನ್ನ ಗ್ರಂಥಿಯ ಮೇಲೆ ತಾನೇ ದಾಳಿ ಮಾಡುವುದು. ಇದನ್ನು ಮೊದಲು ವರ್ಣಿಸಿದವರು ಜಪಾನಿನ ಹಷಿಮೊಟೊ ಎಂಬ ವೈದ್ಯರು, 1912ರಲ್ಲಿ. ಹೀಗೆ ಸೊರಗಿದ ಗ್ರಂಥಿಗೆ ಉಪ್ಪನ್ನು ಹೆಚ್ಚಾಗಿ ತಿನ್ನಿಸಿದರೆ ಪ್ರಯೋಜನವಿಲ್ಲ; ಅದು ಮಾಡಲಾರದ ಹಾರ್ಮೋನನ್ನು ಹೊರಗಿನಿಂದ ಕೊಡಬೇಕು.

ಮನೆಗೆ ಬಂದ ಮಾತ್ರೆ ಅದೇ ಹಾರ್ಮೋನು, 50 ಮೈಕ್ರೋಗ್ರಾಮಿನದು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. ಮಾತ್ರೆಯಲ್ಲಿ ಕಣ್ಣಿಗೆ ಕಾಣುವುದೆಲ್ಲ ಅದನ್ನು ಹಿಡಿದಿಡಲು ಬೆರೆಸಿದ ಪುಡಿ; ಔಷಧವನ್ನಷ್ಟೇ ಬೇರ್ಪಡಿಸಿ ತೂಗುವುದಾದರೆ, ದೊಡ್ಡವರೊಬ್ಬರಿಗೆ ಇಡೀ ತಿಂಗಳಿಗೆ ಬೇಕಾಗುವುದು ಸುಮಾರು ಒಂದು ರಾಗಿಕಾಳಿನ ತೂಕ. ಅಷ್ಟರಿಂದ ಒಂದು ಸಂಸಾರ ನಡೆಯುತ್ತದೆ, ಅಷ್ಟಿಲ್ಲದೆ ಕುಸಿಯುತ್ತದೆ.

'ಇದು ಯಾವುದರಿಂದ ಮಾಡಿದ್ದು?' ಎಂದು ಆಕೆ ಕೇಳಿದಳು. ಯಾರೋ ಏನೋ ಹೇಳಿದ್ದರು. ಅದರಲ್ಲಿ ಪೂರ್ತಿ ಸುಳ್ಳೂ ಇರಲಿಲ್ಲ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ತರುಣ ವೈದ್ಯನು ಕುರಿಯ ಥೈರಾಯ್ಡಿನ ರಸವನ್ನು ನಲವತ್ತಾರು ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿ ಕೊಟ್ಟನು. ಮುಖ ಊದಿ, ಮಾತು ತಡವರಿಸಿ, ಸಾವಿನತ್ತ ಸರಿಯುತ್ತಿದ್ದ ಆಕೆ ಚೇತರಿಸಿಕೊಂಡಳು. ಮುಂದೆ ಅದೇ ರಸವನ್ನು ಬಾಯಿಂದ ಸೇವಿಸುತ್ತ 28 ವರ್ಷ ಬಾಳಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ಕಾಲಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದುವೆಂದು ಲೆಕ್ಕ. 1914ರಲ್ಲಿ ಅಮೆರಿಕದ ಕೆಂಡಾಲ್ ಥೈರಾಕ್ಸಿನ್ನನ್ನು ಬೇರ್ಪಡಿಸಿದನು. 1927ರಲ್ಲಿ ಬ್ರಿಟನ್ನಿನ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು. ಈಗಿನ ಮಾತ್ರೆಯಲ್ಲಿರುವ ಥೈರಾಕ್ಸಿನ್ ಹೀಗೆ ರಸಾಯನದಿಂದ ಸಿದ್ಧವಾದುದು. ಅದಕ್ಕೂ ಕುರಿಗೂ ಸಂಬಂಧವಿಲ್ಲ. ವೈದ್ಯರು ಇಷ್ಟನ್ನು ಹೇಳಿದ ಮೇಲೆ ಆಕೆಯ ಮುಖ ತಿಳಿಯಾಯಿತು.

ಆದರೆ ಅವರು ಮುಂದೆ ಹೇಳಿದ ಮಾತು ಅಷ್ಟು ಸುಲಭವಾಗಿ ಇಳಿಯಲಿಲ್ಲ. 'ಬೆಳಗ್ಗೆ ಎದ್ದ ಕೂಡಲೆ, ಬರಿಯ ಹೊಟ್ಟೆಯಲ್ಲಿ, ಬರಿಯ ನೀರಿನೊಡನೆ ನುಂಗಿ. ಆಮೇಲೆ ಒಂದು ಗಂಟೆ ಕಾಫಿ, ಹಾಲು, ತಿಂಡಿ ಏನೂ ಬೇಡ. ಕಾಫಿ ಕುಡಿದರೆ ಮಾತ್ರೆ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಕಬ್ಬಿಣದ ಮಾತ್ರೆ, ಸುಣ್ಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಬಿಟ್ಟು ತೆಗೆದುಕೊಳ್ಳಿ.'

ಮೇಷ್ಟರು ಆ ಹೊತ್ತಿನಲ್ಲಿ ಔಷಧದ ಅಂಗಡಿಯಲ್ಲಿದ್ದರು. ಆಕೆ ಗೋಣಾಡಿಸಿದಳು. ಮನೆಗೆ ಬಂದು ಆ ಮಾತನ್ನು ಗಂಡನಿಗೆ ಹೇಳಲಿಲ್ಲ.

ಹೇಳದೆ ಇದ್ದುದಕ್ಕೆ ಆಕೆಯಲ್ಲಿ ಕಾರಣವಿತ್ತು. ಐದು ಗಂಟೆಯ ಕಾಫಿ ಮೇಷ್ಟರಿಗೆ ಪ್ರಾಣ. ನಿವೃತ್ತಿಯ ಮೇಲೆ ಅವರಿಗೆ ಉಳಿದಿದ್ದ ನಿಯಮ ಅದೊಂದೇ. ಅವರಿಗೆ ಮಾತ್ರ ಲೋಟ ಕೊಟ್ಟು ತಾನು ಬರಿಗೈಯಲ್ಲಿ ಕೂತರೆ ಅವರು ಕುಡಿದಾರೆ? 'ನನ್ನದೊಂದು ಕಾಯಿಲೆಗೆ ಅವರ ಕಾಫಿಯನ್ನೇಕೆ ಕಹಿ ಮಾಡಲಿ' ಎಂದುಕೊಂಡಳು. ಕಾಫಿಯಾದ ಮೇಲೆ ಒಂದು ಗಂಟೆ ಬಿಟ್ಟು ನುಂಗಿದರಾಯಿತು ಎಂದು ಮೊದಲು ಯೋಚಿಸಿದಳು. ಅಷ್ಟರಲ್ಲಿ ತಿಂಡಿಯ ಹೊತ್ತು. ತಿಂಡಿಯಾದ ಮೇಲೆ ಸ್ನಾನ, ಪೂಜೆ, ಅಡಿಗೆ. ಹನ್ನೊಂದಕ್ಕೆ ನೆನಪಾದರೆ 'ನಾಳೆ ನೋಡಿಕೊಂಡರಾಯಿತು'. ವಾರಕ್ಕೆ ಎರಡು ದಿನವೋ ಮೂರು ದಿನವೋ ಮಾತ್ರೆ ಹೊಟ್ಟೆಗೆ ಹೋಗುತ್ತಿತ್ತು. ಸೀಸೆಯಲ್ಲಿ ಮಾತ್ರೆಗಳು ಉಳಿಯುವುದು ಮೇಷ್ಟರ ಕಣ್ಣಿಗೆ ಬೀಳಬಾರದೆಂದು ಅದನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟಳು.

ಎರಡು ತಿಂಗಳಿಗೆ ಮತ್ತೆ ರಕ್ತಪರೀಕ್ಷೆ. ಪರೀಕ್ಷೆ ಎಂಬ ಮಾತಿಗೆ ಹೆದರುವುದು ಮನುಷ್ಯ ಸ್ವಭಾವವೇ ಇರಬೇಕು. ವರ್ಷವೆಲ್ಲ ಪುಸ್ತಕ ಮುಟ್ಟದ ಹುಡುಗ ಹಿಂದಿನ ವಾರ ದೀಪ ಹಚ್ಚಿ ಕೂರುವಂತೆ ಆಕೆ ಪರೀಕ್ಷೆಗೆ ಮುಂಚಿನ ಐದಾರು ದಿನ ನಾಲ್ಕು ಗಂಟೆಗೇ ಎದ್ದು ಶ್ರದ್ಧೆಯಿಂದ ಮಾತ್ರೆ ನುಂಗಿದಳು. ಟಿ.ಎಸ್.ಎಚ್. 14 ಬಂದಿತು. 'ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ?' ಎಂದರು ವೈದ್ಯರು. 'ಹೂಂ' ಎಂದಳು. ಹೊರಗೆ ಸಾಲುಗಟ್ಟಿ ಜನ ಕುಳಿತಿದ್ದರು. ವೈದ್ಯರು 75ಕ್ಕೆ ಏರಿಸಿದರು. ಮುಂದಿನ ಸಲ 12. ಮಾತ್ರೆ 100ಕ್ಕೆ ಏರಿತು. ಅದರ ಮುಂದಿನ ಸಲ 11. ಮಾತ್ರೆ 125 ಆಯಿತು. ಮೇಷ್ಟರು ಒಂದೊಂದು ಕಾಗದವನ್ನೂ ದಿನಾಂಕದ ಪ್ರಕಾರ ಜೋಡಿಸಿ ಕಡತ ಮಾಡಿದರು. ಕೆಳಗಿಳಿಯಲೊಲ್ಲದ ಅಂಕೆಯನ್ನು ಕಂಡು ರಾತ್ರಿ ನಿದ್ದೆಗೆಟ್ಟರು. ಹೆಂಡತಿಗೆ ಇನ್ನೇನೋ ದೊಡ್ಡ ರೋಗವಿದೆ, ವೈದ್ಯರು ತಮ್ಮಿಂದ ಮರೆಮಾಡುತ್ತಿದ್ದಾರೆ ಎಂಬ ಶಂಕೆ ಅವರನ್ನು ಹೊಕ್ಕಿತು. ಅದನ್ನು ಅವರು ಜಗಲಿಯಲ್ಲಿಯೂ ಹೇಳಲಿಲ್ಲ. ಹೀಗೆ ಒಬ್ಬರಿಗೊಬ್ಬರು ಬಚ್ಚಿಟ್ಟ ಮಾತುಗಳನ್ನು ನಡುವೆ ಇಟ್ಟುಕೊಂಡು ಇಬ್ಬರೂ ದಿನವೂ ಕಾಫಿ ಕುಡಿದರು.

ಈ ನಡುವೆ ಕನಕಪುರದ ಅಕ್ಕನ ಉಪದೇಶ ಬೇರೆ. ಅಕ್ಕನದು ರೇಷ್ಮೆಹುಳು ಸಾಕುವ ಮನೆ. ಆಕೆಯೂ ಐದು ವರ್ಷದಿಂದ ಇದೇ ಮಾತ್ರೆ ನುಂಗುವವಳು. 'ನನಗೆ 50 ಸಾಕಾಗಿದೆ ಕಣೇ, ನಿನಗೇಕೆ 125? ಕೋಸು ಬಿಡು, ಎಲ್ಲ ಸರಿಹೋಗುತ್ತದೆ' ಎಂದು ಫೋನಿನಲ್ಲಿ ಅಪ್ಪಣೆ ಕೊಟ್ಟಳು. ಒಬ್ಬರ ಅಳತೆ ಇನ್ನೊಬ್ಬರಿಗೆ ಸಲ್ಲುವುದಿಲ್ಲ. ಗ್ರಂಥಿ ಪೂರ್ತಿ ನಿಂತುಹೋದವರಿಗೆ ಮೈತೂಕದ ಕಿಲೋಗ್ರಾಮಿಗೆ 1.6 ಮೈಕ್ರೋಗ್ರಾಮಿನಂತೆ ಬೇಕಾಗಬಹುದು. ಗ್ರಂಥಿ ಅಷ್ಟಿಷ್ಟು ಕೆಲಸ ಮಾಡುವವರಿಗೆ ಅದರಲ್ಲಿ ಅರ್ಧವೇ ಸಾಕು. ವಯಸ್ಸಾದವರಿಗೂ ಹೃದ್ರೋಗಿಗಳಿಗೂ ಇನ್ನೂ ಕಡಿಮೆಯಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಕೋಸನ್ನು ಬೇಯಿಸಿ ಮಿತವಾಗಿ ತಿನ್ನುವವರಿಗೆ ಅದರಿಂದ ಬಾಧೆಯೇನೂ ಇಲ್ಲ.

ಅಕ್ಕನ ಕಥೆಯಲ್ಲಿಯೂ ಒಂದು ಪೇಚು ಬಂದಿತ್ತು. ಕೂದಲು ಉದುರುವುದೆಂದು ಆಕೆ ಬಯೋಟಿನ್ ಎಂಬ ಜೀವಸತ್ತ್ವದ ಮಾತ್ರೆ ನುಂಗುತ್ತಿದ್ದಳು. ಕೆಲವು ಬಗೆಯ ಪರೀಕ್ಷೆಗಳಲ್ಲಿ ಈ ಬಯೋಟಿನ್ ತಾನೇ ನಡುವೆ ಬಂದು, ಟಿ.ಎಸ್.ಎಚ್. ಇರುವುದಕ್ಕಿಂತ ಕಡಿಮೆಯೆಂದೂ ಟಿ-4 ಇರುವುದಕ್ಕಿಂತ ಹೆಚ್ಚೆಂದೂ ತೋರಿಸಿಬಿಡುತ್ತದೆ. ಅಕ್ಕ ಆ ಕಾಗದ ನೋಡಿ 'ಹೆಚ್ಚಾಗಿದೆ' ಎಂದು ತಾನೇ ತೀರ್ಮಾನಿಸಿ ಥೈರಾಯ್ಡಿನ ಮಾತ್ರೆಯನ್ನು ಅರ್ಧ ಮಾಡಿದಳು. ಎರಡು ತಿಂಗಳು ಮೈ ಎಳೆದುಕೊಂಡು ತಿರುಗಿದಳು. ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ಬಯೋಟಿನ್ ನಿಲ್ಲಿಸಿ ಎಂಬ ಒಂದು ಮಾತನ್ನು ಕೇಳಿ ತಿಳಿದಿದ್ದರೆ ಅಷ್ಟೂ ತಪ್ಪುತ್ತಿತ್ತು.

ಅಷ್ಟರಲ್ಲಿ ಮಾಗಡಿಯಿಂದ ಕರೆ ಬಂದಿತು. ಮಗಳಿಗೆ ಎರಡನೆಯ ಹೆರಿಗೆ. ಅತ್ತೆಯ ಮನೆಯಲ್ಲಿ ಬಾಣಂತನ ಮಾಡುವವರಿಲ್ಲ. ತಾಯಿ ಮೂರು ತಿಂಗಳಿಗೆಂದು ಹೊರಟಳು. ಪೆಟ್ಟಿಗೆಯಲ್ಲಿ ಸೀರೆಗಳೊಡನೆ 125ರ ಸೀಸೆಯೂ ಹೋಯಿತು.

ಮಗಳು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಅದಕ್ಕೆ ಕಾರಣವಿತ್ತು. ಗರ್ಭ ನಿಂತಾಗ ಅವಳಿಗೂ ಥೈರಾಯ್ಡಿನ ಕೊರತೆ ಕಂಡುಬಂದಿತ್ತು. ಮೊದಲ ತಿಂಗಳುಗಳಲ್ಲಿ ಹೊಟ್ಟೆಯೊಳಗಿನ ಶಿಶುವಿಗೆ ತಾಯಿಯ ಹಾರ್ಮೋನೇ ಆಧಾರ. ಅದರ ಮೆದುಳಿನ ಬೆಳವಣಿಗೆಗೆ ಅದು ಬೇಕು. ಆದುದರಿಂದ ಬಸುರಿಯರಿಗೆ ಅಳತೆ ಹೆಚ್ಚಿಸಬೇಕಾಗುತ್ತದೆ, ನಾಲ್ಕೈದು ವಾರಕ್ಕೊಮ್ಮೆ ರಕ್ತ ನೋಡುತ್ತಾರೆ, ಹೆರಿಗೆಯ ಮೇಲೆ ಮತ್ತೆ ಇಳಿಸುತ್ತಾರೆ. ಈ ಪಾಠವನ್ನೆಲ್ಲ ಕಲಿತವಳು ತಾಯಿಯನ್ನು ಸುಮ್ಮನೆ ಬಿಟ್ಟಾಳೆಯೆ? ನಸುಕಿನಲ್ಲಿ ಕೂಸು ಅಳುವ ಹೊತ್ತಿಗೆ ಎದ್ದವಳು ತಾಯಿಯ ಕೈಗೆ ಮಾತ್ರೆಯನ್ನೂ ನೀರಿನ ಲೋಟವನ್ನೂ ಕೊಟ್ಟು, ನುಂಗುವತನಕ ಎದುರಿಗೆ ನಿಲ್ಲುವಳು. ಕಾಫಿ ಆರೂವರೆಗೆ. ಅಲ್ಲಿ ಜಗಲಿ ಇರಲಿಲ್ಲ. ಕಾಯುವ ಮೇಷ್ಟರೂ ಇರಲಿಲ್ಲ.

ಮೂರನೆಯ ವಾರಕ್ಕೆ ಆಕೆ ಹೊಸ ಹೆಂಗಸಾದಳು. ಮುಖದ ಊತ ಇಳಿಯಿತು, ದನಿ ತಿಳಿಯಾಯಿತು, ಶಾಲು ಪೆಟ್ಟಿಗೆಗೆ ಸೇರಿತು. ಮೊಮ್ಮಗುವಿಗೆ ಜೋಗುಳ ಹಾಡಿದಳು. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಐದನೆಯ ವಾರದಿಂದ ರಾತ್ರಿ ನಿದ್ದೆ ಹಾರಿತು. ಸುಮ್ಮನೆ ಕುಳಿತರೂ ಎದೆ ಡವಡವ. ಮೆಟ್ಟಿಲು ಹತ್ತಿದರೆ ಏದುಸಿರು. ತಣ್ಣನೆಯ ಹೊತ್ತಿನಲ್ಲಿಯೂ ಬೆವರು. ಬಾಣಂತನದ ದಣಿವೆಂದು ಎಲ್ಲರೂ ತಿಳಿದರು. ಏಳನೆಯ ವಾರ, ಒಂದು ದಿನ, ಕಾಲು ನೀಡಿ ಕುಳಿತು ಕೂಸನ್ನು ಮಲಗಿಸಿಕೊಂಡು ಎಣ್ಣೆನೀರು ಹಾಕುತ್ತಿದ್ದವಳ ಕೈ ನಡುಗತೊಡಗಿತು. ಎಣ್ಣೆ ಸವರಿದ ಮೈ, ಕೂಸು ಜಾರಿತು. ಕಾಲಿನ ನಡುವೆಯೇ ಇದ್ದುದರಿಂದ ಅಪಾಯವೇನೂ ಆಗಲಿಲ್ಲ. ಆದರೆ ಆಕೆ, 'ಯಾರಾದರೂ ಬಂದು ಮಗುವನ್ನು ಎತ್ತಿಕೊಳ್ಳಿ, ನನ್ನಿಂದ ಆಗುವುದಿಲ್ಲ' ಎಂದು ಕೂಗಿದ ದನಿಯನ್ನು ಕೇಳಿ ಮಗಳು ಬಾಣಂತಿಯ ಕೋಣೆಯಿಂದ ಓಡಿಬಂದಳು.

ಮರುದಿನ ಮಾಗಡಿಯಲ್ಲಿಯೇ ರಕ್ತ ಕೊಟ್ಟದ್ದಾಯಿತು. ಸಂಜೆಗೆ ಕಾಗದ ಮೊಬೈಲಿಗೆ ಬಂದಿತು. ಇಷ್ಟು ತಿಂಗಳೂ ಮೇಲಿದ್ದ ಟಿ.ಎಸ್.ಎಚ್. ಈಗ 0.04. ಮೇಷ್ಟರು ಚನ್ನಪಟ್ಟಣದಿಂದ ಕಡತ ಹಿಡಿದು ಹೊರಟರು. ಅಳಿಯ ಆಕೆಯನ್ನು ಮಾಗಡಿಯಿಂದ ಕರೆತಂದ. ಎಲ್ಲರೂ ರಾಮನಗರದ ಅದೇ ವೈದ್ಯರ ಮುಂದೆ ಸೇರಿದರು.

ವೈದ್ಯರು ಮೊದಲು ನಾಡಿ ನೋಡಿದರು, ನಿಮಿಷಕ್ಕೆ 112. ಹೃದಯದ ಬಡಿತದ ಲಯ ತಪ್ಪಿದೆಯೇ ಎಂದು ಇ.ಸಿ.ಜಿ. ತೆಗೆಸಿದರು, ಲಯ ತಪ್ಪಿರಲಿಲ್ಲ. ವಯಸ್ಸಾದವರಲ್ಲಿ ಥೈರಾಕ್ಸಿನ್ ಅತಿಯಾದರೆ ಆ ಲಯ ಕೆಡುವ ಸಂಭವವುಂಟು. ಬಹುಕಾಲ ಅತಿಯಾದರೆ ಮೂಳೆಗಳೂ ಸವೆಯುತ್ತವೆ. ಬಳಿಕ ಅವರು ಮೇಷ್ಟರ ಕಡತವನ್ನು ತೆಗೆದುಕೊಂಡು, ಅಂದು ಯಾವ ಅವಸರವನ್ನೂ ಮಾಡದೆ, ಹಾಳೆಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಹರಡಿದರು. ಟಿ.ಎಸ್.ಎಚ್.ನ ಸಾಲನ್ನು ಬಿಟ್ಟು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ಟಿ-4: ಮೊದಲ ಕಾಗದದಲ್ಲಿ 0.5; ಆಮೇಲಿನವುಗಳಲ್ಲಿ 1.3, 1.4, 1.5. ಅದು 0.8ರಿಂದ 1.8ರ ನಡುವೆ ಇದ್ದರೆ ಸರಿ.

'ಇದನ್ನು ನಾನು ಆಗಲೇ ನೋಡಬೇಕಾಗಿತ್ತು' ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾರ್ಮೋನು ಸಾಕಷ್ಟಿದೆ, ಆದರೂ ಮೇಲಿನವನು ಕೂಗುತ್ತಿದ್ದಾನೆ. ಹೀಗೇಕೆ ಆಗುತ್ತದೆ ಗೊತ್ತೇ? ಹುಡುಗ ಈ ವಾರವಷ್ಟೇ ಓದಿದ್ದಾನೆ. ಕಳೆದ ಎರಡು ತಿಂಗಳನ್ನು ಉಪಾಧ್ಯಾಯರು ಮರೆತಿಲ್ಲ. ಅಮ್ಮಾ, ನಾನು ಬೈಯುವುದಿಲ್ಲ. ನೀವು ಮಾತ್ರೆಯನ್ನು ದಿನವೂ ನುಂಗುತ್ತಿದ್ದಿರಾ?' ಎಂದು ಕೇಳಿದರು.

ಟಿ-4 ಕೆಲವು ದಿನಗಳ ಮಾತ್ರೆಗೂ ಏರುತ್ತದೆ. ರಕ್ತ ಕೊಡುವ ದಿನ ಬೆಳಗ್ಗೆ ನುಂಗಿದರೆ ಕೆಲವು ಗಂಟೆಗಳ ಮಟ್ಟಿಗೆ ಇನ್ನೂ ಸ್ವಲ್ಪ ಏರುತ್ತದೆ. ಟಿ.ಎಸ್.ಎಚ್. ಇಳಿಯುವುದು ನಿಧಾನ, ಅದಕ್ಕೆ ವಾರಗಳ ನೆನಪಿದೆ. ಕಾಗದ ಸುಳ್ಳು ಹೇಳಿರಲಿಲ್ಲ. ಮೊದಲಿನಿಂದಲೂ ಅದು ಒಂದೇ ಮಾತನ್ನು ಹೇಳುತ್ತಿತ್ತು.

ಆಕೆ ತಲೆ ತಗ್ಗಿಸಿದಳು. ಬಹಳ ಹೊತ್ತಿನ ಮೇಲೆ, 'ಬೆಳಗಿನ ಕಾಫಿ ಒಂದು ಇದೆಯಲ್ಲ...' ಎಂದಳು. ಅಷ್ಟಕ್ಕೇ ಮಾತು ನಿಂತಿತು. ವೈದ್ಯರಿಗೆ ಅದರಿಂದ ಏನೂ ತಿಳಿಯಲಿಲ್ಲ, ಅಳಿಯನಿಗೂ ತಿಳಿಯಲಿಲ್ಲ. ಮೇಷ್ಟರಿಗೆ ತಿಳಿಯಿತು. ಅವರು ಕನ್ನಡಕವನ್ನು ತೆಗೆದು ಪಂಚೆಯ ತುದಿಯಿಂದ ಒರೆಸುತ್ತ ಕುಳಿತರು.

ಅಂದು ವೈದ್ಯರು ಅಳತೆಯನ್ನು 125ರಿಂದ 88ಕ್ಕೆ ಇಳಿಸಿದರು. 'ವಾರ ಬಿಟ್ಟು ಮತ್ತೆ ರಕ್ತ ನೋಡೋಣವೆ?' ಎಂದು ಮೇಷ್ಟರು ಕೇಳಿದುದಕ್ಕೆ ಅವರು ನಕ್ಕು, ಆಕೆಯ ಕಡೆಗೆ ತಿರುಗಿ, 'ನಿಮ್ಮ ತೌರು ರೇಷ್ಮೆಯ ಮನೆಯಲ್ಲವೆ? ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುತ್ತೀರಾ?' ಎಂದರು. ಆ ಸೀಮೆಯಲ್ಲಿ ಹುಳು ಪೊರೆ ಬಿಡುವ ಕಾಲವನ್ನು ಜ್ವರವೆನ್ನುತ್ತಾರೆ. ಅಂಥ ಜ್ವರ ನಾಲ್ಕು. ಆಗ ಹುಳು ತಲೆ ಎತ್ತಿ ಅಲುಗದೆ ಇರುತ್ತದೆ. ಹಸಿದಿದೆಯೆಂದು ಸೊಪ್ಪು ಹಾಕಿದವನು ಬೆಳೆಯನ್ನು ಕೆಡಿಸಿಕೊಳ್ಳುತ್ತಾನೆ. ಕಾಯಬೇಕು. ಥೈರಾಕ್ಸಿನ್ನಿನ ವಿಷಯವೂ ಹಾಗೆಯೇ. ಮೈಯಲ್ಲಿರುವ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಹಿಡಿಯುತ್ತದೆ. ಆದುದರಿಂದ ಹೊಸ ಅಳತೆ ಒಂದು ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ ಬೇಕು. ಅದಕ್ಕೆ ಮುಂಚೆ ರಕ್ತ ನೋಡಿದರೆ ಕಾಣುವುದು ನಡುದಾರಿಯ ಅಂಕೆ. ಆರರಿಂದ ಎಂಟು ವಾರ ಕಾದು ನೋಡುವುದು ಈ ಕಾರಣಕ್ಕೆ. ಹುಳು ಮರಿಯಿಂದ ಹಣ್ಣಾಗಿ ಗೂಡು ಕಟ್ಟುವುದಕ್ಕೆ ಒಂದು ತಿಂಗಳು ಸಾಕು; ಇದಕ್ಕೆ ಅದರ ಒಂದೂವರೆ ಪಟ್ಟು ತಾಳ್ಮೆ ಬೇಕು. ಅದೇ ಕಾರಣದಿಂದ ಒಂದು ದಿನ ಮಾತ್ರೆ ಮರೆತರೆ ಆಕಾಶ ಕಳಚಿ ಬೀಳುವುದಿಲ್ಲ. ದಿನವೂ ಮರೆಯುವುದನ್ನು ಮಾತ್ರ ಮೈ ಲೆಕ್ಕ ಇಡುತ್ತದೆ.

ಕಾಗದವನ್ನು ಓದುವ ಕ್ರಮವನ್ನೂ ಅಂದು ಅವರು ತಿಳಿಸಿಕೊಟ್ಟರು. ಸಾಮಾನ್ಯ ಮಿತಿಯೆಂದು ಅಚ್ಚಾಗಿರುವುದು ಆರೋಗ್ಯವಂತರಾದ ನೂರು ಜನರಲ್ಲಿ ತೊಂಬತ್ತೈದು ಮಂದಿಯ ಅಂಕೆಗಳು ಬೀಳುವ ಅಂತರ; ಉಳಿದ ಐವರು ಆರೋಗ್ಯವಾಗಿದ್ದೂ ಅದರ ಹೊರಗಿರುತ್ತಾರೆ. ವಯಸ್ಸು ಹೆಚ್ಚಿದಂತೆ ಟಿ.ಎಸ್.ಎಚ್.ನ ಮೇಲಿನ ಮಿತಿಯೂ ಸ್ವಲ್ಪ ಏರುವುದು ಸಹಜ. ಒಂದೇ ದಿನದಲ್ಲಿಯೂ ಅದು ನಿಂತಲ್ಲಿ ನಿಲ್ಲುವುದಿಲ್ಲ. ರಾತ್ರಿ ಏರಿ, ಮಧ್ಯಾಹ್ನಕ್ಕೆ ಇಳಿಯುತ್ತದೆ. ಆದುದರಿಂದ 2.1 ಇದ್ದುದು 2.9 ಆಯಿತೆಂದು ಕಳವಳಪಡಬೇಕಾಗಿಲ್ಲ. ಪ್ರಯೋಗಶಾಲೆ ಬದಲಾದರೆ ಅಂಕೆಯೂ ಮಿತಿಯೂ ಅಷ್ಟಿಷ್ಟು ಬದಲಾಗುತ್ತವೆ. ಸಾಧ್ಯವಾದಷ್ಟು ಒಂದೇ ಕಡೆ, ಒಂದೇ ಹೊತ್ತಿನಲ್ಲಿ ರಕ್ತ ಕೊಡುವುದು ಲೇಸು. ಟಿ-4 ಕೊಂಚ ಸರಿದರೂ ಟಿ.ಎಸ್.ಎಚ್. ಬಹುಪಟ್ಟು ಜಿಗಿಯುತ್ತದೆ, ಅಂಕೆಯ ಜಿಗಿತವನ್ನು ಕಂಡು ರೋಗವೂ ಅಷ್ಟೇ ಜಿಗಿಯಿತೆಂದು ತಿಳಿಯಬಾರದು. 'ಕಾಗದದ ಜೊತೆಗೆ ನಿಮ್ಮನ್ನೂ ಕರೆದುಕೊಂಡು ಬನ್ನಿ. ಮಾತ್ರೆ ನುಂಗಿದ ದಿನ, ಬಿಟ್ಟ ದಿನ ಎರಡನ್ನೂ ಹೇಳಿ. ಬಿಟ್ಟದ್ದನ್ನು ಹೇಳದಿದ್ದರೆ, ಮನೆಯಲ್ಲಿ ಇಲ್ಲದ ಇನ್ನೊಬ್ಬ ಹೆಂಗಸಿಗೆ ನಾನು ಔಷಧ ಬರೆದಂತಾಗುತ್ತದೆ' ಎಂದರು.

ಕೊನೆಗೆ ಉಳಿದುದು ಕಾಫಿಯ ಪ್ರಶ್ನೆ. ರಾತ್ರಿ ಮಲಗುವಾಗ ನುಂಗಬಹುದು, ಆದರೆ ಊಟವಾಗಿ ಮೂರು ಗಂಟೆ ಕಳೆದಿರಬೇಕು ಎಂದು ವೈದ್ಯರು ಒಂದು ದಾರಿ ತೋರಿಸಿದರು. ಅದು ಕೆಲವರಿಗೆ ಅನುಕೂಲ. ಆ ಮನೆಯಲ್ಲಿ ಊಟ ಒಂಬತ್ತಕ್ಕೆ, ನಿದ್ದೆ ಹತ್ತಕ್ಕೆ. ಮಾತ್ರೆಗಾಗಿ ಹನ್ನೆರಡರವರೆಗೆ ಎಚ್ಚರವಾಗಿ ಕೂರುವವರು ಯಾರು? ಮೇಷ್ಟರು ಏನೂ ಹೇಳದೆ ಕಡತವನ್ನು ಕಟ್ಟಿಕೊಂಡು ಎದ್ದರು.

ಬಾಣಂತನ ಮುಗಿದು ಆಕೆ ಚನ್ನಪಟ್ಟಣಕ್ಕೆ ಮರಳಿದ ಮೊದಲ ಬೆಳಗು ಐದು ಗಂಟೆಗೆ ಎದ್ದು ಅಡಿಗೆಮನೆಗೆ ಹೋದರೆ ಫಿಲ್ಟರು ಬರಿದಾಗಿತ್ತು. ಒಲೆಯ ಪಕ್ಕದಲ್ಲಿ, ಸಾಸಿವೆ ಡಬ್ಬಿಯ ಮುಂದೆ, ಮಾತ್ರೆಯ ಸೀಸೆ. ಪಕ್ಕದಲ್ಲಿ ಮುಚ್ಚಿಟ್ಟ ನೀರಿನ ಲೋಟ. ಜಗಲಿಯಲ್ಲಿ ಮೇಷ್ಟರು ಎಂದಿನಂತೆ ಗೋಡೆಗೆ ಒರಗಿ ಕುಳಿತಿದ್ದರು. ಕೈಯಲ್ಲಿ ಅವರಿಗೂ ಒಂದು ಲೋಟ ನೀರು.

'ಕಾಫಿ?' ಎಂದಳು ಆಕೆ.

'ಆರೂವರೆಗೆ ಕುಡಿಯೋಣ. ನನಗೂ ಈಗ ಅವಸರವೇನೂ ಇಲ್ಲ. ಬಾ, ಕೂತುಕೋ' ಎಂದರು.

ಆಕೆ ಮಾತ್ರೆ ನುಂಗಿ ಬಂದು ಹೊಸ್ತಿಲ ಬದಿಯಲ್ಲಿ ಕುಳಿತಳು. ಅಂದು ಅವರು, ಹೆಂಡತಿಗೆ ದೊಡ್ಡ ರೋಗವಿದೆಯೆಂದು ತಾವು ನಿದ್ದೆಗೆಟ್ಟ ರಾತ್ರಿಗಳ ಸಂಗತಿಯನ್ನು ಹೇಳಿದರು. ಆಕೆ ಸಾಸಿವೆ ಡಬ್ಬಿಯ ಸಂಗತಿಯನ್ನು ಹೇಳಿದಳು. ಅರ್ಧ ಗಂಟೆಯ ಮಾತು ಒಂದೂವರೆ ಗಂಟೆಗೆ ಬೆಳೆಯಿತು. ಎಂಟು ವಾರಗಳ ನಂತರ ಬಂದ ಕಾಗದದಲ್ಲಿ ಟಿ.ಎಸ್.ಎಚ್. 2.6 ಎಂದಿತ್ತು. ಮೇಷ್ಟರು ಅದನ್ನು ಕಡತಕ್ಕೆ ಸೇರಿಸಿ, ಮುಂದಿನ ಪರೀಕ್ಷೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹಾಲು ಕಾಯಿಸಲು ಇಡಬಹುದೆ ಎಂದು ಗಡಿಯಾರವನ್ನು ನೋಡಿದರು. ಇನ್ನೂ ಹತ್ತು ನಿಮಿಷ ಬಾಕಿ ಇತ್ತು.